ಹಿತ್ತಾಳೆ ಪಟ್ಟಿಯ ನೂರ ಮೂವತ್ತನಾಲ್ಕನೆಯ ಗೆರೆ

ತಲೆಗೆ ತಿರುಪು ಹಾಕಿ ಬಿಗಿಯುವ ಆ ಚೌಕಟ್ಟು ನಮ್ಮ ಆಸ್ಪತ್ರೆಗೆ ಬರುವ ಹೊತ್ತಿಗೇ ಹಳೆಯದಾಗಿತ್ತು. ವಿದೇಶದ ಯಾವುದೋ ಆಸ್ಪತ್ರೆ ಹೊಸದನ್ನು ಕೊಂಡು ಇದನ್ನು ದಾನ ಮಾಡಿತ್ತು. ಮರದ ಪೆಟ್ಟಿಗೆ ಬಿಚ್ಚಿದಾಗ ನಾಲ್ಕು ಕಂಬ, ಒಂದು ಕಮಾನು, ತಿರುಪುಗಳ ಡಬ್ಬಿ, ಮಿದುಳಿನೊಳಗೆ ಇಳಿಸುವ ಸೂಜಿಯಂಥ ಎಲೆಕ್ಟ್ರೋಡು ಎಲ್ಲವೂ ಇದ್ದವು. ಎಡಬಲದ ಅಳತೆ ತೋರಿಸುವ ಅಡ್ಡಪಟ್ಟಿ ಮಾತ್ರ ನಡುವೆ ಸೀಳಿ ಬಾಗಿತ್ತು. ಚೌಕಟ್ಟನ್ನು ಪರೀಕ್ಷಿಸಲು ಬಳಸುವ ಪೀಠದ ಮೇಲೆ ಅದೇ ಅಡ್ಡ ಅಳತೆಯ ಗೆರೆಗಳು ಓದಲಾಗದಷ್ಟು ಸವೆದಿದ್ದವು.

ಎಂಬತ್ತರ ದಶಕದ ನಡುಭಾಗ. ಕೊಯಮತ್ತೂರಿನ ಆ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸಾ ವಿಭಾಗದ ಟೆಕ್ನಿಷಿಯನ್ ಆಗಿದ್ದೆ. ಉಪಕರಣಗಳನ್ನು ಸಿದ್ಧವಾಗಿಡುವುದು, ಆಪರೇಷನ್ ನಡೆಯುವಾಗ ದಾಖಲೆ ಬರೆಯುವುದು ನನ್ನ ಪಾಲಿನ ಕೆಲಸ. ದಾಖಲೆಯ ವಿಷಯದಲ್ಲಿ ನಮ್ಮ ಸರ್ಜನ್ನರದು ಒಂದೇ ನಿಯಮ: ಕಂಡದ್ದನ್ನು ಗಡಿಯಾರ ನೋಡಿ ಬರೆ, ಅದರ ಅರ್ಥವೇನೆಂದು ಬರೆಯಬೇಡ. ಅರ್ಥ ಹೇಳುವುದು ತಮ್ಮ ಕೆಲಸ ಎಂದು ಅವರು ತಿಳಿದಿದ್ದರು. ನನಗೂ ಅದು ಸರಿಯೆನಿಸಿತ್ತು.

ಆ ಚೌಕಟ್ಟಿಗಾಗಿ ಕಾದಿದ್ದ ರೋಗಿ ಹತ್ತಿರದ ಅವಿನಾಶಿ ಎಂಬ ಊರಿನ ಕಡೆಯ ಒಬ್ಬ ನೇಕಾರ. ನಲವತ್ತೈದರ ಆಸುಪಾಸು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ಮನೆ. ಬಲಗೈ ಬಿಗಿದು, ಸುಮ್ಮನೆ ಕೂತಾಗಲೂ ಕಾಳು ಉಜ್ಜುವಂತೆ ಹೆಬ್ಬೆರಳು ತೋರುಬೆರಳು ಆಡುತ್ತಿದ್ದವು. ಮಾತ್ರೆ ನುಂಗಿದರೆ ವಾಂತಿ, ಬಿಟ್ಟರೆ ನಡುಕ. ವಿದ್ಯುತ್ ಮಗ್ಗ ತಾನಾಗಿ ಓಡುತ್ತದೆ, ನಿಜ. ಆದರೆ ಎಳೆ ಕಡಿದರೆ ಅದು ನಿಲ್ಲುತ್ತದೆ. ಕಡಿದ ಎರಡು ತುದಿ ಹುಡುಕಿ ಗಂಟು ಹಾಕಿ ಮತ್ತೆ ಓಡಿಸುವುದೇ ನೇಕಾರನ ಕೆಲಸ. ಆ ಗಂಟು ಅವರಿಂದ ಆಗುತ್ತಿರಲಿಲ್ಲ.

"ನಾಲ್ಕು ತರಿ ನೋಡ್ಕತಿದ್ದೆ ಸಾರ್" ಎಂದರು ಮೊದಲ ದಿನ. ಮಗ್ಗಕ್ಕೆ ಅವರ ಮಾತಿನಲ್ಲಿ ತರಿ. "ಈಗ ಇವ್ಳು ಆರು ನೋಡ್ಕತಾಳೆ. ನಾನು ಕುಂತು ಕಾಪಿ ಕುಡೀತೀನಿ. ಅದೂ ಚೆಲ್ಲೋಗುತ್ತೆ."

"ಚೆಲ್ಲಿದ್ದೂ ನಾನೇ ಒರೆಸ್ಬೇಕು. ಏಳನೇ ತರಿ ಇವ್ರು" ಎಂದರು ಹೆಂಡತಿ.

ಇಂಥ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಎಚ್ಚರವಾಗಿರಬೇಕು. ಪ್ರತಿ ಹಂತದಲ್ಲೂ ಕೈ ಆಡಿಸಬೇಕು, ಮಾತಾಡಬೇಕು. ಕೈ ಎತ್ತಿಸುವುದು, ಮುಷ್ಟಿ ಬಿಗಿಸುವುದು, ಎಣಿಸುವುದು ಸರ್ಜನ್ನರ ಪರೀಕ್ಷೆಗಳು. ನಾನು ಅದಕ್ಕೆ ಗಂಟನ್ನು ಸೇರಿಸೋಣವೆಂದೆ. ಅವರು ಭುಜ ಹಾರಿಸಿ ಒಪ್ಪಿದರು. ಹೆಂಡತಿ ಶೆಡ್ಡಿನಿಂದ ಹಾಸಿನ ನೂಲಿನ ಒಂದು ಉಂಡೆ ತಂದರು. ಕ್ರಿಮಿಗಳು ಸಾಯಲೆಂದು ಥಿಯೇಟರ್ ಸಿಸ್ಟರ್ ಅದನ್ನು ಆವಿಯಲ್ಲಿ ಬೇಯಿಸಿ ಕೊಟ್ಟರು. ಹೆಂಡತಿ ಮುಟ್ಟಿ ನೋಡಿ ಮುಖ ಸಿಂಡರಿಸಿದರು. "ಗಂಜಿ ಎಲ್ಲಾ ಹೋಗ್ಬಿಡ್ತು. ಇದು ನೂಲಾ, ಶಾವಿಗೆಯಾ?"

ಈ ಮಾತು ಮುಂದೆ ಕೆಲಸಕ್ಕೆ ಬಂತು.

*

ಆಪರೇಷನ್ನಿಗೆ ಒಂದು ತಿಂಗಳು ಮುಂಚೆ ಸರ್ಜನ್ ನನ್ನನ್ನು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಕರೆದೊಯ್ದರು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಬ್ರೆಡ್ ಹೋಳಿನಂತೆ ಮಟ್ಟಸವಾಗಿ ಕೊಯ್ದ ಒಂದು ಮಿದುಳಿನ ಸೀಳನ್ನು ತಟ್ಟೆಯಲ್ಲಿಟ್ಟು, ಹೆಣಿಗೆಯ ಕಡ್ಡಿಯಿಂದ ಒಂದೊಂದಾಗಿ ತೋರಿಸಿದರು.

ನಡುವೆ ಮೊಟ್ಟೆಯಾಕಾರದ ಥಲಾಮಸ್. ಅದರ ಮುಂದೆ, ದ್ರವ ತುಂಬಿದ ಕೋಣೆಯ ಗೋಡೆಗೆ ಆತುಕೊಂಡು ಕಾಡೇಟ್ ನ್ಯೂಕ್ಲಿಯಸ್‌ನ ತಲೆ. ಹೊರಗಡೆಗೆ ಹಲಸಿನ ಬೀಜದಂಥ ಇನ್ನೊಂದು ಗುಡ್ಡೆ. ಅದರ ಹೊರಭಾಗ ಬೂದು ಬಣ್ಣದ ಪುಟಾಮೆನ್, ಒಳಭಾಗ ಬಿಳಿಚಿಕೊಂಡ ಪ್ಯಾಲಿಡಮ್. ಕಾಡೇಟ್, ಪುಟಾಮೆನ್, ಪ್ಯಾಲಿಡಮ್, ಜೊತೆಗೆ ಕೆಳಗೆ ಅಡಗಿರುವ ಕೆಲವು ಸಣ್ಣ ಗುಡ್ಡೆಗಳು ಸೇರಿ ಬೇಸಲ್ ಗ್ಯಾಂಗ್ಲಿಯಾ. ನಾವು ಚಲಿಸಬೇಕೆಂದುಕೊಂಡದ್ದು ಮಿದುಳಿನ ಮೇಲ್ಪದರದಿಂದ ಇಲ್ಲಿಗೆ ಇಳಿಯುತ್ತದೆ. ಕಾಡೇಟ್ ಮತ್ತು ಪುಟಾಮೆನ್ ಒಳಬಾಗಿಲು. ಅಲ್ಲಿಂದ ಪ್ಯಾಲಿಡಮ್‌ಗೆ. ಪ್ಯಾಲಿಡಮ್‌ನಿಂದ ಥಲಾಮಸ್‌ಗೆ. ಥಲಾಮಸ್‌ನಿಂದ ಮತ್ತೆ ಮೇಲ್ಪದರಕ್ಕೆ. ಇದು ಒಂದು ಸುತ್ತು. ಈ ನಡುಕದ ಕಾಯಿಲೆಯಲ್ಲಿ ಕೆಳಗಿನ ಕಪ್ಪು ಗುಡ್ಡೆಯಿಂದ ಪುಟಾಮೆನ್‌ಗೆ ಬರಬೇಕಾದ ರಾಸಾಯನಿಕ ಬತ್ತುತ್ತದೆ. ಸುತ್ತು ಹದ ತಪ್ಪುತ್ತದೆ, ಕೈ ಬಿಗಿಯುತ್ತದೆ, ನಡುಗುತ್ತದೆ.

ಥಲಾಮಸ್‌ನ ಒಂದು ಮೂಲೆಯಲ್ಲಿ, ಈ ಸುತ್ತು ಬಂದು ಸೇರುವ ಜಾಗದಲ್ಲಿ, ಬಟಾಣಿಯಷ್ಟು ಭಾಗವನ್ನು ಬಿಸಿ ಮಾಡಿ ಸುಟ್ಟರೆ ನಡುಕ ನಿಲ್ಲುತ್ತದೆ. ಅದೇ ಚಿಕಿತ್ಸೆ.

"ಈಗ ಮುಟ್ಟಬಾರದ ಜಾಗ ಯಾವುದು, ತೋರಿಸು" ಎಂದರು.

ಥಲಾಮಸ್‌ಗೂ ಪ್ಯಾಲಿಡಮ್‌ಗೂ ನಡುವೆ ಒಂದು ಬಿಳಿ ಪಟ್ಟೆ ಮೊಣಕೈ ಮಡಿಸಿದಂತೆ ಹಾದುಹೋಗಿತ್ತು. ಇಂಟರ್ನಲ್ ಕ್ಯಾಪ್ಸೂಲ್. ಮುಖ, ನಾಲಿಗೆ, ಕೈ, ಕಾಲು ಇವುಗಳಿಗೆ ಹೋಗುವ ಆಜ್ಞೆಯ ತಂತುಗಳೆಲ್ಲ ಒತ್ತೊತ್ತಾಗಿ ಅದರಲ್ಲಿ ಇಳಿಯುತ್ತವೆ. ಪ್ಯಾಲಿಡಮ್‌ನಿಂದ ಹೊರಟ ತಂತುಗಳು ಥಲಾಮಸ್ ಸೇರಬೇಕಾದರೆ ಈ ಪಟ್ಟೆಯನ್ನು ದಾಟಲೇಬೇಕು. ಒಂದು ಕಟ್ಟು ಅದರ ಅಂಚನ್ನು ಬಳಸಿಕೊಂಡು ಬರುತ್ತದೆ, ಇನ್ನೊಂದು ಅದರ ನಡುವೆಯೇ ಎಳೆ ಎಳೆಯಾಗಿ ತೂರಿ ಬರುತ್ತದೆ. ನಾವು ಸುಡಬೇಕಾದ ಜಾಗದ ಹೊರ ಅಂಚಿಗೆ ಪಟ್ಟೆ ಅಂಟಿಕೊಂಡೇ ಇತ್ತು. ನಾನು ಕಡ್ಡಿಯನ್ನು ಅಲ್ಲಿಟ್ಟೆ.

"ಎಷ್ಟು ದೂರ?"

"ಎರಡು ಮಿಲಿಮೀಟರ್ ಇರಬಹುದು ಸಾರ್."

"ಅಷ್ಟೇ ಇರುವುದು. ಅದನ್ನು ದಾಟಿದರೆ ಅವರ ನಡುಕವೂ ಹೋಗುತ್ತದೆ, ಕೈಯೂ ಹೋಗುತ್ತದೆ."

ರೋಗಿಗೂ ಇದನ್ನೆಲ್ಲ ಚಿತ್ರ ಬರೆದು ತಮಿಳಿನಲ್ಲಿ ವಿವರಿಸಿದರು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಮ್ ತರೀಲಿ ಎಳೆ ಕಡಿದ್ರೆ ಓಟ ನಿಲ್ಲುತ್ತೆ, ಅದು ತೊಂದ್ರೆ. ಇವ್ರು ನಿಲ್ಲಿಸಕ್ಕೇಂತಾನೇ ಎಳೆ ಕಡೀತಾರಾ?" ಎಂದು ಕೇಳಿದರು. ನಾನು ಅನುವಾದಿಸಿದೆ. ಸರ್ಜನ್ ನಕ್ಕರು. ಹೆಂಡತಿ ನಗಲಿಲ್ಲ.

*

ಅಡ್ಡಪಟ್ಟಿಯನ್ನು ಊರಿನ ಗಣಪತಿ ಎಂಬ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು ನಾನು. ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಜಾಗ. ಎರಕಕ್ಕೆ ಮೊದಲು ಮರದಲ್ಲಿ ಅಚ್ಚು ಕೆತ್ತುವ ಮೇಸ್ತ್ರಿ ಅಲ್ಲಿದ್ದರು. ಅವರ ಕೈ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ನನ್ನ ಕನ್ನಡ ಕೇಳಿ ಅವರೂ ಕನ್ನಡಕ್ಕೆ ತಿರುಗಿದರು.

"ನಮ್ದು ಮಡತ್ತುಕುಳಂ ಪಕ್ಕ, ತಂಬಿ. ಅಪ್ಪ ನೇಗಿಲು ಹಿಡಿದ್ರು, ನಾನು ಉಳಿ ಹಿಡಿದೆ. ಎಲ್ಲಾ ಮರಾನೇ."

ಹಳೆಯ ಪಟ್ಟಿ ಬಾಗಿದ್ದರಿಂದ ಅದನ್ನು ನೋಡಿ ನಕಲು ಮಾಡುವಂತಿರಲಿಲ್ಲ. ತಯಾರಕರ ಹಾಳೆಯಲ್ಲಿದ್ದ ಅಳತೆ ಕೊಟ್ಟೆ. ಪಟ್ಟಿಯ ಸೊನ್ನೆ ರೋಗಿಯ ಬಲಗಡೆಯ ಕಂಬದಲ್ಲಿ. ಅಲ್ಲಿಂದ ಎಡಕ್ಕೆ ಎಣಿಸುತ್ತ ಹೋದರೆ ನೂರ ಇಪ್ಪತ್ತನೆಯ ಗೆರೆ ಚೌಕಟ್ಟಿನ ನಡುಮಧ್ಯ. ಮಿಲಿಮೀಟರಿಗೊಂದು ಗೆರೆ.

"ಪಿತ್ತಾಳೆ ತಾನೆ?" ಎಂದು ಕೇಳಿದರು. ಹೌದು, ಹಿತ್ತಾಳೆ ಎಂದೆ. ಗೋಡೆಯ ಮೊಳೆಗಳಲ್ಲಿ ನಾಲ್ಕು ಉಕ್ಕಿನ ಸ್ಕೇಲುಗಳು ನೇತಾಡುತ್ತಿದ್ದವು. ಒಂದನ್ನು ತೆಗೆದು, ಬಿಳಿ ಬಳಿದ ಹಲಗೆಯ ಮೇಲೆ ಪಟ್ಟಿಯ ಪೂರ್ಣ ಗಾತ್ರದ ಚಿತ್ರ ಗೀರಿದರು. ಒಂದೊಂದು ಗೆರೆಯನ್ನೂ ಮೊನೆಯಿಂದ ಗುರುತಿಸಿದರು. ಆ ಹಲಗೆ ನೋಡಲು ಚೆಂದವಿತ್ತು.

ಮೊದಲ ಎರಕದಲ್ಲಿ ಗುಳ್ಳೆಗಳು ಬಂದವು. ಎರಡನೆಯದರಲ್ಲೂ ಬಂದವು. ಎರಡು ವಾರ ಕಳೆದಿತ್ತು. ಎರಕ ಬೇಡ, ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಟ್ಟಿಯನ್ನೇ ತಂದು ಅರ ಹಾಕಿ ಮಾಡೋಣ ಎಂದೆ. ಮೇಸ್ತ್ರಿ ಒಪ್ಪಿದರು. "ಗುರ್ತು ಹಲಗೇಲಿ ಅದೆ. ಎತ್ತಿ ಇದರ ಮೇಲೆ ಇಡೋದು, ಅಷ್ಟೇ." ನಾನು ತಲೆಯಾಡಿಸಿದೆ. ಪರೀಕ್ಷಾ ಪೀಠದ ಗೆರೆಗಳನ್ನೂ ಅದೇ ಹಲಗೆಯಿಂದ ಹಾಕಿಕೊಡಿ, ಎರಡೂ ಒಂದಕ್ಕೊಂದು ಹೊಂದಬೇಕು ಎಂದು ಹೇಳಿದವನೂ ನಾನೇ. ಅದು ಜಾಣತನ ಎಂದುಕೊಂಡಿದ್ದೆ.

ಆಪರೇಷನ್ನಿನ ಹಿಂದಿನ ದಿನ ಪರೀಕ್ಷೆ ಮಾಡಿದೆವು. ಪೀಠದ ಮೇಲಿನ ಮೊಳೆಯನ್ನು ಒಂದು ಅಳತೆಗೆ ನಿಲ್ಲಿಸಿ, ಚೌಕಟ್ಟನ್ನು ಅದೇ ಅಳತೆಗೆ ಹೊಂದಿಸಿ, ಎಲೆಕ್ಟ್ರೋಡನ್ನು ಇಳಿಸುವುದು. ತುದಿ ಮೊಳೆಯ ತಲೆಯನ್ನು ಮುಟ್ಟಬೇಕು. ಹತ್ತು ಸಲ ಇಳಿಸಿದೆ. ಹತ್ತು ಸಲವೂ ಮುಟ್ಟಿತು. ಸರ್ಜನ್ ದಾಖಲೆಯಲ್ಲಿ ಸಹಿ ಹಾಕಿದರು.

*

ಬೆಳಿಗ್ಗೆ ಎಂಟಕ್ಕೆ ರೋಗಿಯನ್ನು ತಂದರು. ತಲೆ ಬೋಳಿಸಿತ್ತು. ಚೌಕಟ್ಟಿನ ತಿರುಪು ಬಿಗಿಯುವಾಗ ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದರು. ಅರಿವಳಿಕೆ ವೈದ್ಯರು ನೋವಿದೆಯೇ ಎಂದು ಕೇಳಿದಾಗ "ಪರವಾಯಿಲ್ಲ ಸಾರ್" ಎಂದರು. ಅಂದು ಅವರು ಆ ಮಾತನ್ನು ಎಷ್ಟು ಸಲ ಹೇಳಿದರೆಂಬುದು ನನ್ನ ದಾಖಲೆಯಲ್ಲಿದೆ. ಹದಿನಾಲ್ಕು ಸಲ.

ಸಣ್ಣ ರಂಧ್ರ ಕೊರೆದು ಮಿದುಳಿನ ಕೋಣೆಗಳಿಗೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಟ್ಟರು. ಪಕ್ಕದಿಂದ ತೆಗೆದ ಚಿತ್ರದಲ್ಲಿ ನಡುಕೋಣೆಯ ಹಿಂದು ಮುಂದಿನ ಗುರುತುಗಳು ಸ್ಪಷ್ಟವಾಗಿ ಬಂದವು. ಅವುಗಳ ನಡುವೆ ಗೆರೆ ಎಳೆದು, ಅದರಿಂದ ಗುರಿಯ ಆಳ ಮತ್ತು ಹಿಂದುಮುಂದಿನ ಅಳತೆ ಲೆಕ್ಕ ಹಾಕಿದರು. ಈ ಎರಡಕ್ಕೂ ಚೌಕಟ್ಟಿನ ಮೂಲ ಸ್ಕೇಲುಗಳೇ ಇದ್ದವು. ಅಡ್ಡ ಅಳತೆ ಸರಳ. ಬಲಗೈಯನ್ನು ಆಳುವುದು ಮಿದುಳಿನ ಎಡಭಾಗ, ಆದ್ದರಿಂದ ನಡುಮಧ್ಯದಿಂದ ಎಡಕ್ಕೆ ಹದಿನಾಲ್ಕು ಮಿಲಿಮೀಟರ್. ನೂರ ಇಪ್ಪತ್ತಕ್ಕೆ ಹದಿನಾಲ್ಕು ಕೂಡಿಸಿ ನೂರ ಮೂವತ್ತನಾಲ್ಕು. ನಾನೇ ಗೆರೆಗೆ ಹೊಂದಿಸಿ ತಿರುಪು ಬಿಗಿದೆ. ಸರ್ಜನ್ ಬಗ್ಗಿ ಓದಿದರು. ನೂರ ಮೂವತ್ತನಾಲ್ಕು.

ಎಲೆಕ್ಟ್ರೋಡು ಗುರಿ ಸೇರುತ್ತಿದ್ದಂತೆ ಕೈಯ ನಡುಕ ತಾನಾಗಿ ನಿಂತಿತು. ತುದಿ ಒತ್ತಿದ ಮಾತ್ರಕ್ಕೆ ಹಾಗಾಗುವುದುಂಟು. ಒಳ್ಳೆಯ ಲಕ್ಷಣ. ನೂಲು ಕೊಟ್ಟೆ. ಅವರು ಎರಡು ತುದಿ ಹಿಡಿದು ಗಂಟು ಹಾಕಿದರು. ಇನ್ನೊಂದು ಹಾಕಿದರು. ಎಷ್ಟೋ ಕಾಲದ ಮೇಲೆ ಹಾಕಿದ ಗಂಟು. ಹತ್ತು ಐವತ್ತೆರಡು, ಗಂಟು ಎರಡು, ಎಂದು ಬರೆದೆ.

ಆಮೇಲೆ ವಿದ್ಯುತ್ ಪ್ರಚೋದನೆ. ಕ್ಯಾಪ್ಸೂಲ್ ಹತ್ತಿರವಿದ್ದರೆ ಕಡಿಮೆ ವೋಲ್ಟಿನಲ್ಲೇ ಕೈ ಸೆಟೆಯಬೇಕು. ಹೆಬ್ಬೆರಳು ಸೆಟೆಯಿತು. ಆ ವೋಲ್ಟು ಹೆದರುವಷ್ಟು ಕಡಿಮೆಯಲ್ಲ, ನೆಮ್ಮದಿಯಾಗುವಷ್ಟು ಹೆಚ್ಚೂ ಅಲ್ಲ. ಮುಂದಿನಿಂದ ತೆಗೆದ ಎಕ್ಸ್-ರೇಯಲ್ಲಿ ತುದಿ ಮಧ್ಯರೇಖೆಯಿಂದ ಹದಿನಾರರ ಹತ್ತಿರ ಕಂಡಿತು. ಆದರೆ ತಲೆ ಕೊಂಚ ವಾಲಿದರೂ ಆ ಚಿತ್ರದಲ್ಲಿ ಮಧ್ಯರೇಖೆ ಸರಿಯುತ್ತದೆ. ಅದನ್ನು ಎರಡು ಮಿಲಿಮೀಟರಿನ ಮಟ್ಟಿಗೆ ನಂಬುವಂತಿರಲಿಲ್ಲ. ಪೀಠದ ಮೇಲೆ ಹತ್ತಕ್ಕೆ ಹತ್ತು ಸಲ ಮೊಳೆ ಮುಟ್ಟಿದ ಚೌಕಟ್ಟನ್ನು ನಂಬಬಹುದಿತ್ತು. ಸರ್ಜನ್ ಅದನ್ನೇ ನಂಬಿದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಮುಂದಿನದು ಪರೀಕ್ಷಾ ಶಾಖ. ತುದಿಯನ್ನು ನಲವತ್ತೈದು ಡಿಗ್ರಿಯವರೆಗೆ ಮಾತ್ರ ಕಾಯಿಸುವುದು. ಅಷ್ಟರಲ್ಲಿ ನರ ಮರಗಟ್ಟುತ್ತದೆ, ಸಾಯುವುದಿಲ್ಲ. ಆರಿದರೆ ಮತ್ತೆ ಚೇತರಿಸುತ್ತದೆ. ಎಲ್ಲವೂ ಸರಿಯಿದ್ದರೆ ಎಪ್ಪತ್ತು ಡಿಗ್ರಿಗೆ ಏರಿಸಿ ಒಂದು ನಿಮಿಷ ಹಿಡಿಯಬೇಕು. ಅದಾದಮೇಲೆ ಹಿಂದೆ ಬರುವ ದಾರಿಯಿಲ್ಲ.

ಪರೀಕ್ಷಾ ಶಾಖ ಕೊಟ್ಟರು. ಕೈ ಎತ್ತಿ ಎಂದರು, ಎತ್ತಿದರು. ಮುಷ್ಟಿ, ಬಿಗಿದರು. ಇಪ್ಪತ್ತರವರೆಗೆ ತಮಿಳಿನಲ್ಲಿ ಎಣಿಸಿದರು. ನಡುಕವಿಲ್ಲ. ಸರ್ಜನ್ ಶಾಖದ ಗುಂಡಿಗೆ ಕೈ ಒಯ್ದರು.

ನಾನು ನೂಲು ಕೊಟ್ಟೆ.

ಎಡಗೈ ತನ್ನ ತುದಿಯನ್ನು ಸರಿಯಾಗಿ ಹಿಡಿದಿತ್ತು. ಬಲಗೈ ಹೆಬ್ಬೆರಳು ತೋರುಬೆರಳಿನ ಎದುರು ಬಂದು ನಿಲ್ಲಬೇಕಾದ ಜಾಗಕ್ಕೆ ಬರಲಿಲ್ಲ. ಎಳೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಮೂರನೆಯ ಸಲ ಎಳೆ ಎದೆಯ ಮೇಲಿನ ಬಟ್ಟೆಯ ಮೇಲೆ ಬಿತ್ತು.

"ಹೇಗಿದೆ ಕೈ?" ಎಂದೆ.

"ಪರವಾಯಿಲ್ಲ ಸಾರ್. ನೂಲಲ್ಲಿ ಗಂಜಿ ಇಲ್ಲ, ಅದಕ್ಕೆ ಜಾರುತ್ತೆ."

ಸರ್ಜನ್ ನನ್ನ ಕಡೆ ನೋಡಿದರು. ನಾನು ದಾಖಲೆ ಓದಿದೆ. "ಹತ್ತು ಐವತ್ತೆರಡಕ್ಕೆ ಇದೇ ನೂಲಲ್ಲಿ ಎರಡು ಗಂಟು ಹಾಕಿದ್ದಾರೆ ಸಾರ್. ಈಗ ಹನ್ನೊಂದು ಇಪ್ಪತ್ತು. ಮೂರು ಪ್ರಯತ್ನ, ಗಂಟು ಇಲ್ಲ." ಅರ್ಥ ಹೇಳಬಾರದೆಂಬ ನಿಯಮವನ್ನು ಅಲ್ಲಿಗೆ ಮುರಿದೆ. "ಶಾಖ ಏರಿಸಬೇಡಿ. ನನಗೆ ಐದು ನಿಮಿಷ ಕೊಡಿ."

"ಏನು ಮಾಡುತ್ತೀಯ?"

"ಎಕ್ಸ್-ರೇ ಹದಿನಾರು ತೋರಿಸಿತ್ತಲ್ಲ ಸಾರ್. ಗೆರೆ ಅಳೆಯುತ್ತೇನೆ."

ಚೌಕಟ್ಟು ತಲೆಯ ಮೇಲಿತ್ತು. ಪರೀಕ್ಷಾ ಪೀಠ ಪಕ್ಕದ ಕೋಣೆಯಲ್ಲಿತ್ತು. ಎಲೆಕ್ಟ್ರೋಡಿನ ದಪ್ಪ ನೋಡಲು ಇಟ್ಟಿದ್ದ ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹೋದೆ. ಪೀಠದ ಅಡ್ಡ ಅಳತೆಯಲ್ಲಿ ಸೊನ್ನೆಯಿಂದ ನೂರ ಮೂವತ್ತನಾಲ್ಕನೆಯ ಗೆರೆಗೆ ಹಿಡಿದೆ. ಕ್ಯಾಲಿಪರ್ ನೂರ ಮೂವತ್ತಾರು ತೋರಿಸಿತು. ಕೈ ತಪ್ಪಿತೆಂದುಕೊಂಡು ಇನ್ನೊಮ್ಮೆ ಹಿಡಿದೆ. ನೂರ ಮೂವತ್ತಾರು. ನೂರನೆಯ ಗೆರೆ ನೂರ ಒಂದೂವರೆಯಲ್ಲಿತ್ತು. ಐವತ್ತನೆಯದು ಐವತ್ತೂಮುಕ್ಕಾಲಿನಲ್ಲಿ. ಯಾವುದೋ ಒಂದು ಗೆರೆ ತಪ್ಪಿದ್ದಲ್ಲ. ಇಡೀ ಅಳತೆಯೇ ಹಿಗ್ಗಿತ್ತು.

ಕ್ಯಾಲಿಪರ್ ಸರಿಯಿದೆಯೇ ಎಂದು ತಿಳಿಯಲು ಪೀಠದ ಹಿಂದುಮುಂದಿನ ಮೂಲ ಸ್ಕೇಲಿಗೆ ಹಿಡಿದೆ. ಅಲ್ಲಿ ನೂರು ನೂರೇ ಆಗಿತ್ತು.

ಥಿಯೇಟರಿಗೆ ಹಿಂತಿರುಗಿ ಅಂಕಿಗಳನ್ನು ಹೇಳಿದೆ. ಹಲಗೆ ಒಂದೇ ಆದ್ದರಿಂದ ಅಡ್ಡಪಟ್ಟಿಯಲ್ಲೂ ಇದೇ ತಪ್ಪಿರಬೇಕು, ಆದ್ದರಿಂದಲೇ ನಿನ್ನೆ ಮೊಳೆ ಮುಟ್ಟಿತು ಎಂದೆ. ಸುಳ್ಳು ಸಾಕ್ಷಿ ಇನ್ನೊಂದು ಸುಳ್ಳು ಸಾಕ್ಷಿಯನ್ನು ಅನುಮೋದಿಸಿತ್ತು. ಸರ್ಜನ್ ಕೈಗವಸಿನ ಬೆರಳುಗಳನ್ನು ಒಂದಕ್ಕೊಂದು ಹೆಣೆದು ನಿಂತರು. ಎಕ್ಸ್-ರೇ ತೋರಿಸಿದ ಹದಿನಾರು ನಿಜವಾದ ಹದಿನಾರೇ. ನಾವು ಕ್ಯಾಪ್ಸೂಲಿನ ಅಂಚಿನಲ್ಲಿದ್ದೆವು.

ಅರಿವಳಿಕೆ ವೈದ್ಯರು ಇವತ್ತಿಗೆ ಮುಚ್ಚಿಬಿಡೋಣ ಎಂದರು. ಎಲೆಕ್ಟ್ರೋಡನ್ನು ಇನ್ನೊಮ್ಮೆ ಇಳಿಸಿದರೆ ರಕ್ತಸ್ರಾವದ ಅಪಾಯ ಇನ್ನೊಮ್ಮೆ. ಮುಚ್ಚಿದರೆ ರೋಗಿ ಹಿಂತಿರುಗಿ ಬರುವ ಭರವಸೆ ಇಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ರೋಗಿಯ ಕಣ್ಣು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ತಲೆ ತಿರುಗಿಸುವಂತಿರಲಿಲ್ಲ.

ಸರ್ಜನ್ ಇದ್ದಕ್ಕಿದ್ದಂತೆ, "ಅವರಿಗೆ ಹೇಳು" ಎಂದರು.

"ಏನು ಹೇಳಲಿ?"

"ನಮ್ಮ ಅಳತೆ ತಪ್ಪಿತು ಅಂತ. ನಿಮ್ಮ ಭಾಷೆಯಲ್ಲೇ ಹೇಳು. ಎರಡು ದಾರಿಯನ್ನೂ ಹೇಳು."

ಅರಿವಳಿಕೆ ವೈದ್ಯರು ಬೇಡವೆಂಬಂತೆ ಕೈ ಮಾಡಿದರು. ತಲೆಯಲ್ಲಿ ರಂಧ್ರವಿಟ್ಟುಕೊಂಡು ಮಲಗಿದ ಮನುಷ್ಯನಿಗೆ ಹೇಳುವ ಮಾತಲ್ಲ ಎಂಬುದು ಅವರ ಅಭಿಪ್ರಾಯ. ಸರ್ಜನ್ ನನ್ನನ್ನೇ ನೋಡುತ್ತಿದ್ದರು.

ಸ್ಟೂಲ್ ಎಳೆದುಕೊಂಡು ಅವರ ಮುಖದ ಬಳಿ ಕೂತೆ. "ಅಣ್ಣಾ, ಒಂದು ತಪ್ಪಾಗಿದೆ. ನಾನು ಮಾಡಿಸಿ ತಂದ ಪಟ್ಟಿಯ ಅಳತೆ ಸರಿಯಿಲ್ಲ. ಸೂಜಿ ಎರಡು ಮಿಲಿಮೀಟರ್ ಹೊರಗೆ ಹೋಗಿದೆ. ಇನ್ನೂ ಏನೂ ಸುಟ್ಟಿಲ್ಲ. ಇವತ್ತು ಮುಚ್ಚಿಬಿಡಬಹುದು. ಇಲ್ಲವೇ ಸೂಜಿ ತೆಗೆದು ಒಳಗಡೆಗೆ ಸರಿಸಿ ಇನ್ನೊಂದು ಸಲ ಇಳಿಸಬಹುದು. ಅದರಲ್ಲಿ ಅಪಾಯ ಇದೆ. ರಕ್ತ ಬರಬಹುದು."

ಅವರು ಬಲಗೈಯನ್ನು ಎದೆಯ ಮೇಲಕ್ಕೆ ತಂದುಕೊಂಡರು.

"ನಾನೂ ಒಂದು ಹೇಳ್ತೀನಿ ಸಾರ್. ಗಂಜಿ ಇಲ್ಲ ಅಂದ್ನಲ್ಲ, ಸುಳ್ಳು. ಬೆರಳು ನಂದೇ ಅಲ್ಲ ಅನ್ನಂಗಿತ್ತು. ಹೇಳಿದ್ರೆ ನಿಲ್ಸಿ ಮನೇಗ್ ಕಳಿಸಿಬಿಡ್ತೀರಾ ಅಂತ ಬಯ."

"ಈಗ ಹೇಗಿದೆ?"

"ಈಗ ವಾಪಸ್ ಬತ್ತಾ ಅದೆ." ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರು. "ಎರಡು ಮಿಲ್ಲಿ ಅಂದ್ರೆ ನಮ್ ಬಟ್ಟೇಲಿ ಅಯ್ದು ಎಳೆ."

"ಇರಬಹುದು."

"ಅಯ್ದೆಳೆ ತಪ್ಪಿದ್ರೆ ಕಂಪನಿಯೋರು ಪೀಸು ವಾಪಸ್ ಕಳಿಸ್ತಾರೆ ಸಾರ್. ನೀವ್ ನನ್ನ ವಾಪಸ್ ಕಳಿಸ್ಬೇಡಿ. ಬಿಚ್ಚಿ, ಸರಿ ಮಾಡಿ, ಓಡ್ಸಿ."

ನಾನು ಅನುವಾದಿಸಿದೆ. ಸರ್ಜನ್ ತಲೆಯಾಡಿಸಿದರು. "ಇನ್ನು ಮೇಲೆ ಪರವಾಯಿಲ್ಲ ಅನ್ನಬಾರದು. ಇದ್ದದ್ದು ಹೇಳಬೇಕು, ಅಂತ ಹೇಳು."

"ಶರಿ ಸಾರ್" ಎಂದರು ಅವರು.

ಎಲೆಕ್ಟ್ರೋಡನ್ನು ಹೊರಗೆ ತೆಗೆದು ಹತ್ತು ನಿಮಿಷ ಕಾದೆವು. ತುದಿಯಲ್ಲಿ ರಕ್ತವಿರಲಿಲ್ಲ. ಅಡ್ಡಪಟ್ಟಿಯ ಗೆರೆಗಳ ಮೇಲೆ ಪ್ಲಾಸ್ಟರ್ ಅಂಟಿಸಿ ಮುಚ್ಚಿದೆ, ಯಾರ ಕಣ್ಣೂ ತಪ್ಪಿ ಅತ್ತ ಹೋಗಬಾರದೆಂದು. ಆವಿಯಲ್ಲಿ ಬೇಯಿಸಿ ತಂದ ಕ್ಯಾಲಿಪರನ್ನು ಸರ್ಜನ್ನರೇ ಬಲಗಂಬದಿಂದ ಹಿಡಿದು ನೂರ ಮೂವತ್ತನಾಲ್ಕಕ್ಕೆ ಹೊಂದಿಸಿದರು. ಸಿಸ್ಟರ್ ಓದಿದರು. ಅರಿವಳಿಕೆ ವೈದ್ಯರೂ ಓದಿದರು. ಆಮೇಲೆ ನಾನು.

ಎರಡನೆಯ ಸಲ ಇಳಿಸುವಾಗ ಸಿಸ್ಟರ್ ಒಂದೊಂದು ಮಿಲಿಮೀಟರನ್ನೂ ಗಟ್ಟಿಯಾಗಿ ಓದಿದರು. ಗುರಿಗೆ ಐದು ಮಿಲಿಮೀಟರ್ ಇರುವಾಗ ರಕ್ತದೊತ್ತಡ ಏರಿತು. ನಿಂತೆವು. ಇಳಿಯಿತು. ಮತ್ತೆ ಮುಂದುವರಿದೆವು.

ಪ್ರಚೋದನೆಗೆ ಹೆಬ್ಬೆರಳು ಸೆಟೆಯಬೇಕಾದರೆ ಈ ಸಲ ಹಿಂದಿನದಕ್ಕಿಂತ ಬಹಳ ಹೆಚ್ಚು ವೋಲ್ಟು ಬೇಕಾಯಿತು. ಚಿತ್ರದಲ್ಲಿ ತುದಿ ಹದಿನಾಲ್ಕರಲ್ಲಿತ್ತು. ಪರೀಕ್ಷಾ ಶಾಖ ಕೊಟ್ಟರು. ನಾನು ಕೇಳುವ ಮೊದಲೇ ಅವರು ನೂಲಿಗಾಗಿ ಕೈ ಚಾಚಿದರು. ಗಂಟು ಒಂದು. ಎರಡು. ಮೂರು.

"ಹೇಗಿದೆ?"

"ಬೆರಳು ನಂದೇ. ನೂಲು ಮಾತ್ರ ಶಾವಿಗೆ."

ಎಪ್ಪತ್ತು ಡಿಗ್ರಿಗೆ ಏರಿಸಿ ಒಂದು ನಿಮಿಷ ಹಿಡಿದಾಗ ಅವರು ನಿಲ್ಲಿಸದೆ ಗಂಟು ಹಾಕುತ್ತಲೇ ಇದ್ದರು. ನಾನು ಗಡಿಯಾರವನ್ನೂ ಬೆರಳುಗಳನ್ನೂ ನೋಡುತ್ತಿದ್ದೆ. ಒಂದು ಗಂಟು ನಿಧಾನವಾದಾಗ ಸರ್ಜನ್ನರ ಕೈ ಗುಂಡಿಯ ಮೇಲೆ ಬಂತು. ಎಳೆ ಸಿಕ್ಕಾಗಿತ್ತಷ್ಟೆ. ಬಿಡಿಸಿಕೊಂಡರು. ಒಂದು ನಿಮಿಷದಲ್ಲಿ ಒಂಬತ್ತು ಗಂಟು. ಹನ್ನೆರಡು ನಲವತ್ತಕ್ಕೆ ಶಾಖ ನಿಲ್ಲಿಸಿದರು.

ದಾಖಲೆಯ ಕೊನೆಯಲ್ಲಿ, ಮೊದಲ ಪ್ರವೇಶದ ಅಡ್ಡ ಅಳತೆ ತಪ್ಪಲು ಕಾರಣ ನಾನು ಮಾಡಿಸಿ ತಂದ ಪಟ್ಟಿ, ಅದನ್ನು ಸ್ವತಂತ್ರ ಅಳತೆಯಿಂದ ಪರೀಕ್ಷಿಸಿರಲಿಲ್ಲ ಎಂದು ಬರೆದೆ. ಸರ್ಜನ್ ಓದಿದರು. ತಿದ್ದಲಿಲ್ಲ. ಕೆಳಗೆ, ಪರೀಕ್ಷೆಗೆ ಸಹಿ ಹಾಕಿದವನು ನಾನು, ಎಂದು ಒಂದು ಸಾಲು ಸೇರಿಸಿದರು.

*

ಎರಡು ದಿನದ ಮೇಲೆ ಪಟ್ಟಿಯನ್ನು ಗಣಪತಿಗೆ ಒಯ್ದೆ. ಮೇಸ್ತ್ರಿಯ ಮುಂದೆ ಕ್ಯಾಲಿಪರ್ ಹಿಡಿದು ತೋರಿಸಿದೆ. ಅವರ ಮುಖ ಗಂಟಿಕ್ಕಿತು. ಗೋಡೆಯಿಂದ ಎರಡು ಸ್ಕೇಲು ತೆಗೆದು ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಸೊನ್ನೆಗಳು ಒಂದರ ಪಕ್ಕ ಒಂ‌ದು ನಿಂತವು. ಹತ್ತರಲ್ಲಿ ವ್ಯತ್ಯಾಸ ಕಾಣಲಿಲ್ಲ. ಐವತ್ತರಲ್ಲಿ ಕಂಡಿತು. ಇನ್ನೂರರಲ್ಲಿ ಗೆರೆಗಳು ಮೂರು ಮಿಲಿಮೀಟರ್ ಅಗಲಿದ್ದವು.

"ಇದು ಪಿತ್ತಾಳೆ ಹುಯ್ಯೋಕೆ ಅಂತ ಇರೋ ಸ್ಕೇಲು, ತಂಬಿ" ಎಂದು ಉದ್ದವಾದದ್ದನ್ನು ಮುಟ್ಟಿದರು. "ಕಾಯ್ಸಿ ಹುಯ್ದ ಪಿತ್ತಾಳೆ ಆರುವಾಗ ಸುರುಟ್ಕತ್ತದೆ. ನೂರಕ್ಕೆ ಒಂದೂವರೆ. ಅದಕ್ಕೇಂತ ಅಚ್ಚು ಮೊದ್ಲೇ ದೊಡ್ದಾಗ್ ಮಾಡ್ಬೇಕು. ಆ ಲೆಕ್ಕ ಈ ಸ್ಕೇಲಲ್ಲೇ ಅದೆ. ಇರುಂಬಿಗೆ, ಕಬ್ಬಿಣಕ್ಕೆ, ಒಂದು, ಅಲುಮಿನಿಯಂಗೆ ಒಂದು, ಪಿತ್ತಾಳೆಗೆ ಒಂದು."

ನಾಲ್ಕನೆಯದು ಸಾಮಾನ್ಯ ಸ್ಕೇಲು. ಹಲಗೆ ಗೀರಿದ್ದು ಎರಕಕ್ಕಾಗಿ. ಎರಕ ಕೈಬಿಟ್ಟು ಸಿದ್ಧ ಪಟ್ಟಿ ತಂದಾಗ ಆರಿ ಕುಗ್ಗುವ ಮಾತೇ ಇರಲಿಲ್ಲ. ಆದರೆ ಹಲಗೆ ಹಾಗೇ ಉಳಿದಿತ್ತು. ಮೂವತ್ತು ವರ್ಷದಿಂದ ಹಿತ್ತಾಳೆ ಎಂದೊಡನೆ ಆ ಮೊಳೆಗೆ ಹೋಗುತ್ತಿದ್ದ ಕೈ ಅದು.

"ಸ್ಕೇಲು ತಪ್ಪಲ್ಲ. ಹುಯ್ದಿದ್ರೆ ಕಂಡಿಪ್ಪಾ ಸರಿಯಾಗಿರ್ತಿತ್ತು" ಎಂದರು. ಆಮೇಲೆ ಧ್ವನಿ ಇಳಿಯಿತು. "ಯಾರ ತಲೆ?"

"ಅವಿನಾಶಿ ಕಡೆಯವರು. ತರಿ ಓಡಿಸೋರು. ನಮ್ಮ ಭಾಷೆಯವರೇ."

"ಕೈ?"

"ಇನ್ನೂ ಪೂರ್ತಿ ಹೇಳುವ ಹಾಗಿಲ್ಲ. ಒಂದೆರಡು ತಿಂಗಳು ನೋಡಬೇಕು."

ಅವರು ಪಟ್ಟಿಯನ್ನು ಬೆಂಚಿನ ವೈಸಿಗೆ ಸಿಕ್ಕಿಸಿ, ಅರ ತೆಗೆದುಕೊಂಡು ಎಲ್ಲ ಗೆರೆಗಳನ್ನೂ ಉಜ್ಜಿ ತೆಗೆದರು. ಅರ್ಧ ಗಂಟೆ ಹಿಡಿಯಿತು. ಸಾಮಾನ್ಯ ಸ್ಕೇಲಿನಿಂದ ಹೊಸದಾಗಿ ಗೀರಿ, ಪ್ರತಿ ಹತ್ತಕ್ಕೂ ನನ್ನ ಕೈಯಲ್ಲಿ ಕ್ಯಾಲಿಪರ್ ಹಿಡಿಸಿ ಓದಿಸಿದರು. ಹೊರಡುವಾಗ, "ಕೈ ವಿಷ್ಯ ತೆರಿದ್ರೆ, ಗೊತ್ತಾದ್ರೆ, ಬಂದ್ ಹೇಳು" ಎಂದಷ್ಟೇ ಹೇಳಿದರು.

ಎರಡು ತಿಂಗಳ ಮೇಲೆ ತಪಾಸಣೆಯ ದಾಖಲೆಗಾಗಿ ಅವಿನಾಶಿಯ ಶೆಡ್ಡಿಗೆ ಹೋದೆ. ನೇಕಾರರ ಮಾತು ಕೊಂಚ ಮೆತ್ತಗಾಗಿತ್ತು, ಮಗ್ಗಗಳ ಆ ಅಬ್ಬರದಲ್ಲಿ ನಾನು ಕಿವಿಯನ್ನು ಅವರ ಬಾಯಿಗೆ ಹಿಡಿಯಬೇಕಾಯಿತು. ನಡಿಗೆ ಸರಿಯಿತ್ತು. ಬಲಗೈಯಲ್ಲಿ ನಡುಕವಿರಲಿಲ್ಲ. ಎರಡು ತರಿ ಅವರ ಪಾಲಿಗೆ ಬಂದಿತ್ತು, ನಾಲ್ಕು ಇನ್ನೂ ಹೆಂಡತಿಯದು.

ಒಂದು ತರಿ ನಿಂತಿತು. ಅವರು ಬಗ್ಗಿ ತುದಿಗಳನ್ನು ಹುಡುಕಿ ಗಂಟು ಹಾಕಿದರು. ನಾನು ಗಡಿಯಾರ ನೋಡಿದೆ.

ಹೆಂಡತಿ ಆ ಕಡೆಯಿಂದ ಕೂಗಿದರು. "ಕಾಪಿ ಆರೋಗೋ ಹೊತ್ತು ಬೇಕು ಇವ್ರಿಗೆ ಒಂದು ಗಂಟ್ಗೆ. ಅದೂ ಬರ್ಕಳಿ ಸಾರ್."

"ಚೆಲ್ಲಲ್ಲ ಅನ್ನೋದೂ ಬರ್ಕಳಿ" ಎಂದರು ಅವರು.

ನಾನು ಕೇಳಿದ್ದಕ್ಕೆ ಗಂಜಿ ಹಾಕಿದ ನೂಲಿನ ಮೊಳದುದ್ದದ ಎರಡು ಎಳೆ ತೆಗೆದು, ತುದಿಗೆ ತುದಿ ಗಂಟು ಹಾಕಿ ಕೊಟ್ಟರು. ದಾಖಲೆಯ ಪುಟಗಳ ನಡುವೆ ಇಟ್ಟುಕೊಂಡೆ. ಮರಳುವಾಗ ಗಣಪತಿಯಲ್ಲಿ ಇಳಿದೆ.

ಗಂಟು ಹಾಕಿದ ಆ ಎಳೆಯನ್ನು ಮೇಸ್ತ್ರಿಯ ಕೈಗಿಟ್ಟೆ. ಎಳೆಯನ್ನು ಬೆಳಕಿಗೆ ಹಿಡಿದು ಗಂಟನ್ನು ನೋಡಿದರು. ಎರಡು ತುದಿಯನ್ನು ಎರಡು ಮುಷ್ಟಿಗೆ ಸುತ್ತಿಕೊಂಡು ಜೋರಾಗಿ ಜಗ್ಗಿದರು. ಎಳೆ ಕಡಿಯಿತು. ಎರಡು ತುಂಡನ್ನೂ ಬೆಂಚಿನ ಮೇಲಿಟ್ಟು ಬಗ್ಗಿ ನೋಡಿದೆವು. ಕಡಿದದ್ದು ಗಂಟಿನಿಂದ ನಾಲ್ಕು ಬೆರಳು ಆಚೆಗೆ. ಗಂಟು ಹಾಗೇ ಇತ್ತು.